ಬೀಜ ಆಫ್ರಿಕಾದ್ದು, ಹೆಸರು ಮಂಗಳೂರಿನದು

ದೀಪಾವಳಿ ಹತ್ತಿರವಾಯಿತೆಂದರೆ ಮುಂಬಯಿಯ ಅಂಗಡಿಗಳಲ್ಲಿ ಒಣಹಣ್ಣುಗಳ ಡಬ್ಬಗಳು ಸಾಲುಗಟ್ಟಿ ನಿಲ್ಲುತ್ತವೆ. ಬಾದಾಮಿ ಕ್ಯಾಲಿಫೋರ್ನಿಯಾದ್ದೆಂದೂ ಪಿಸ್ತಾ ಇರಾನಿನದ್ದೆಂದೂ ಮಾರುವವನೇ ಹೇಳುತ್ತಾನೆ. ಗೋಡಂಬಿಯ ಸರದಿ ಬಂದಾಗ ಮಾತ್ರ ‘ಮಂಗಳೂರು ಕಾಜು’, ‘ಗೋವಾ ಕಾಜು’ ಎಂಬ ಮಾತು ಕೇಳಿಸುತ್ತದೆ. ಕರಾವಳಿಯವರಾದ ನಮಗೆ ಸಹಜವಾಗಿಯೇ ಒಂದಿಷ್ಟು ಹೆಮ್ಮೆ. ಆದರೆ ಆ ಪೊಟ್ಟಣದೊಳಗಿನ ಬೀಜ ಬಂಟ್ವಾಳದ ಗುಡ್ಡದಲ್ಲೋ ಕಾರ್ಕಳದ ಹಾಡಿಯಲ್ಲೋ ಬೆಳೆದದ್ದೆಂದು ನಂಬಬೇಕಾಗಿಲ್ಲ. ಐವರಿಕೋಸ್ಟಿನ ಉತ್ತರ ಭಾಗದ ಯಾವುದೋ ಹಳ್ಳಿಯಲ್ಲಿ ಮರದಿಂದ ಉದುರಿ, ಗೋಣಿಚೀಲ ಸೇರಿ, ಹಡಗಿನಲ್ಲಿ ನಮ್ಮ ಬಂದರಿಗೆ ಬಂದು, ಊರಿನ ಕಾರ್ಖಾನೆಯಲ್ಲಿ ಒಡೆದು ಸುಲಿದದ್ದಾಗಿರುವ ಸಾಧ್ಯತೆಯೇ ಹೆಚ್ಚು.

ಇದರಲ್ಲಿ ಕಾನೂನಿನ ಪ್ರಕಾರ ಮೋಸವೇನಿಲ್ಲ. ಬೇರೆ ದೇಶದಿಂದ ಬಂದ ಆಹಾರವಸ್ತುವಿನ ಸ್ವರೂಪ ಬದಲಾಗುವಂತೆ ಇಲ್ಲಿ ಸಂಸ್ಕರಿಸಿದರೆ, ಸಂಸ್ಕರಿಸಿದ ದೇಶವೇ ಅದರ ಮೂಲ ಎಂದು ಆಹಾರ ನಿಯಮವೂ ಒಪ್ಪುತ್ತದೆ. ಆದರೆ ಲೆಕ್ಕ ಮಾತ್ರ ನೆನಪಿನಲ್ಲಿರಲಿ. ಭಾರತದಲ್ಲಿ ವರ್ಷಕ್ಕೆ ಬೆಳೆಯುವ ಕಚ್ಚಾ ಬೀಜ ಹೆಚ್ಚುಕಡಿಮೆ ಏಳೆಂಟು ಲಕ್ಷ ಟನ್. ನಮ್ಮ ಕಾರ್ಖಾನೆಗಳ ಹೊಟ್ಟೆಗೆ ಬೇಕಾದದ್ದು ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಉಳಿದದ್ದು ಆಫ್ರಿಕಾದಿಂದಲೇ ಬರಬೇಕು. ಆ ಆಫ್ರಿಕಾ ಈಗ ‘ನಮ್ಮ ಬೀಜವನ್ನು ನಾವೇ ಒಡೆಯುತ್ತೇವೆ’ ಎನ್ನತೊಡಗಿದೆ. ಊರಿನ ಉದ್ದಿಮೆದಾರರಿಗೆ ಇದು ಆತಂಕದ ವಿಷಯ. ಅವರ ಆತಂಕ ಸುಳ್ಳಲ್ಲ. ಆದರೆ ಆಫ್ರಿಕಾದವರು ಹೇಳುವುದು ನ್ಯಾಯವಾಗಿದೆ ಎಂಬುದನ್ನೂ ನಾವು ಒಪ್ಪಿಕೊಳ್ಳಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ಗೇರು ಮೂಲತಃ ನಮ್ಮದಲ್ಲ. ಅದರ ತವರು ಬ್ರೆಜಿಲ್. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು, ಅವರೇ ಮೊಜಾಂಬಿಕಿಗೂ ಒಯ್ದರು. ಗುಡ್ಡದ ಮಣ್ಣು ಮಳೆಗೆ ಕೊಚ್ಚಿಹೋಗದಂತೆ ಹಿಡಿದಿಡುವ ಮರವಾಗಿ ಅದಕ್ಕೆ ಬೆಲೆ ಬಂತು. ಬೀಜ ದೊಡ್ಡ ವ್ಯಾಪಾರವಾದದ್ದು ಬಹಳ ತಡವಾಗಿ, 1920ರ ದಶಕದ ನಂತರ. ಕೊಲ್ಲಂ ಮತ್ತು ಮಂಗಳೂರು ಈ ವ್ಯಾಪಾರದ ಎರಡು ಹಳೆಯ ಕೇಂದ್ರಗಳು. ಮಂಗಳೂರಿನಲ್ಲಿ ಪಿಯರ್ಸ್ ಲೆಸ್ಲಿಯಂಥ ಬ್ರಿಟಿಷ್ ಕಂಪನಿ ಈ ಕೆಲಸಕ್ಕೆ ಇಳಿದಿತ್ತು. ಮೊದಮೊದಲು ಹಡಗು ಅಮೆರಿಕ ಮುಟ್ಟುವಷ್ಟರಲ್ಲಿ ಗೋಡಂಬಿಗೆ ಹುಳ ಹಿಡಿಯುತ್ತಿತ್ತು. ತಗಡಿನ ಡಬ್ಬದ ಗಾಳಿ ತೆಗೆದು ಇಂಗಾಲಾಮ್ಲ ಅನಿಲ ತುಂಬಿ ಮೊಹರು ಮಾಡುವ ಉಪಾಯ ಬಂದ ಮೇಲೆ ಆ ತೊಂದರೆ ತಪ್ಪಿತು, ಅಮೆರಿಕದ ಮಾರುಕಟ್ಟೆ ತೆರೆಯಿತು.

ಅಂದಿನಿಂದಲೇ ನಾವು ಆಫ್ರಿಕಾದ ಬೀಜವನ್ನು ನಂಬಿದವರು. ಇದಕ್ಕೆ ಕಾರಣ ಋತುಮಾನ. ನಮ್ಮ ಮರಗಳಲ್ಲಿ ಫಸಲು ಫೆಬ್ರವರಿಯಿಂದ ಮೇ ತನಕ. ಟಾಂಜಾನಿಯಾ, ಮೊಜಾಂಬಿಕ್‌ಗಳಲ್ಲಿ ಅಕ್ಟೋಬರಿನಿಂದ ಜನವರಿ ತನಕ. ನಮ್ಮ ಬೀಜ ಮುಗಿಯುವ ಹೊತ್ತಿಗೆ ಅಲ್ಲಿನದು ಬಂದರೆ ಕಾರ್ಖಾನೆಯ ಬಾಗಿಲು ವರ್ಷವಿಡೀ ತೆರೆದಿರುತ್ತದೆ. ಹಾಗಾಗಿ ಪೂರ್ವ ಆಫ್ರಿಕಾದವರು ಬೆಳೆದರು, ನಾವು ಒಡೆದೆವು, ಅಮೆರಿಕದವರು ತಿಂದರು. ದಶಕಗಟ್ಟಲೆ ನಡೆದ ಏರ್ಪಾಡು ಇದು. ಇದರಲ್ಲಿ ಲಾಭದ ದೊಡ್ಡ ಪಾಲು ಬೆಳೆದವನಿಗೆ ಹೋಗಲಿಲ್ಲ. ಒಡೆದವಳಿಗೂ ಹೋಗಲಿಲ್ಲ.

‘ಒಡೆದವಳು’ ಎಂದದ್ದು ಬೇಕೆಂದೇ. ಬೀಜದ ಕಾರ್ಖಾನೆಯೆಂದರೆ ಹೆಂಗಸರ ಕಾರ್ಖಾನೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಬಡ ಮನೆಯ ಹೆಂಗಸರಿಗೆ ಕೈಗೆ ಸಿಗುತ್ತಿದ್ದ ಕೆಲಸ ಎರಡೇ, ಒಂದು ಬೀಡಿ, ಇನ್ನೊಂದು ಬೀಜ. ಗಂಡಸರು, ಹುಡುಗರು ಬಸ್ಸು ಹತ್ತಿ ಮುಂಬಯಿಗೆ ಬಂದು ಹೊಟೇಲಿನಲ್ಲಿ ಲೋಟ ತೊಳೆದದ್ದನ್ನು ನಾವು ಸಭೆ ಸಮಾರಂಭಗಳಲ್ಲಿ ಬಹಳ ಸಲ ಹೇಳಿಕೊಂಡಿದ್ದೇವೆ. ಮುಂಬಯಿಯ ಮನಿಯಾರ್ಡರ್ ತಡವಾದ ತಿಂಗಳುಗಳಲ್ಲಿ ಊರಿನ ಒಲೆ ಉರಿಸಿದವರ ಬಗ್ಗೆ ಅಷ್ಟಾಗಿ ಹೇಳಿಲ್ಲ. ಬೀಜದ ಸಿಪ್ಪೆಯೊಳಗಿನ ಎಣ್ಣೆ ಚರ್ಮವನ್ನು ಸುಡುತ್ತದೆ. ಕೈಗೆ ಬೂದಿಯನ್ನೋ ಹರಳೆಣ್ಣೆಯನ್ನೋ ಸವರಿಕೊಂಡು ದಿನವಿಡೀ ಕುಳಿತು ಒಡೆಯಬೇಕು. ಬೆರಳು ಕಪ್ಪಾಗುತ್ತದೆ, ಚರ್ಮ ಸುಲಿಯುತ್ತದೆ. ಕೂಲಿ ಕೊಡುವುದು ತೂಕದ ಮೇಲೆ, ತಿರುಳು ತುಂಡಾದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಒಡೆಯುವುದು, ಬಿಸಿಗಾಳಿಯಲ್ಲಿ ಒಣಗಿಸುವುದು, ತೆಳು ಸಿಪ್ಪೆ ಸುಲಿಯುವುದು, ಗಾತ್ರ ಬಣ್ಣ ನೋಡಿ ಬೇರ್ಪಡಿಸುವುದು, ಹೀಗೆ ಒಂದು ಬೀಜ ಹಲವು ಹೆಂಗಸರ ಕೈದಾಟಿ ಡಬ್ಬ ಸೇರುತ್ತದೆ. ವಾಶಿ ಮಾರುಕಟ್ಟೆಯಲ್ಲಿ ‘320’ ಎಂದು ಕೇಳುವ ಮಾಲು ಹೀಗೆ ಬೇರ್ಪಟ್ಟದ್ದು. ಒಂದು ಪೌಂಡಿಗೆ ಹೆಚ್ಚೆಂದರೆ 320 ಇಡೀ ಗೋಡಂಬಿ ಎಂಬುದೇ ಆ ಸಂಖ್ಯೆಯ ಅರ್ಥ.

ಈ ಅಗ್ಗದ ಕೈಗಳೇ ಭಾರತವನ್ನು ಗೋಡಂಬಿಯ ರಾಜನನ್ನಾಗಿ ಮಾಡಿದ್ದು. ಸಿಂಹಾಸನವನ್ನು ಅಲ್ಲಾಡಿಸಿದ್ದು ವಿಯೆಟ್ನಾಂ. 1990ರ ತನಕ ಈ ವ್ಯಾಪಾರದಲ್ಲಿ ಅದರ ಹೆಸರು ಅಷ್ಟಾಗಿ ಕೇಳಿಬರುತ್ತಿರಲಿಲ್ಲ. 2006ರಲ್ಲಿ ಅದು ಗೋಡಂಬಿ ರಫ್ತಿನಲ್ಲಿ ಭಾರತವನ್ನು ಹಿಂದೆ ಹಾಕಿತು, ಆಮೇಲೆ ತಿರುಗಿ ನೋಡಲಿಲ್ಲ. 2024ರಲ್ಲಿ ಅದರ ಗೋಡಂಬಿ ರಫ್ತು ನಾಲ್ಕು ನೂರು ಕೋಟಿ ಡಾಲರು ದಾಟಿತು. ನಮ್ಮದು ಎಷ್ಟು? ಲಕ್ಷ ಟನ್ನಿಗೂ ಮೀರಿ ಕಳುಹಿಸುತ್ತಿದ್ದವರು 2022-23ರಲ್ಲಿ ಕಳುಹಿಸಿದ್ದು 60 ಸಾವಿರ ಟನ್ನಿಗಿಂತ ತುಸು ಕಡಿಮೆ.

ವಿಯೆಟ್ನಾಂ ಗೆದ್ದದ್ದು ಹೇಗೆ? ಅವರು ಬೀಜ ಒಡೆಯಲು ಯಂತ್ರ ಮಾಡಿದರು. ಸಿಪ್ಪೆ ಸುಲಿಯಲು ಗಾಳಿಯ ಒತ್ತಡದ ಯಂತ್ರ, ಬಣ್ಣ ನೋಡಿ ಬೇರ್ಪಡಿಸಲು ಕ್ಯಾಮೆರಾದ ಯಂತ್ರ ತಂದರು. ಸ್ವಂತ ಬೀಜ ಸಾಲದಾದಾಗ ನಮ್ಮಂತೆಯೇ ಆಫ್ರಿಕಾಕ್ಕೆ ಹೋದರು, ನಮಗಿಂತ ಒಂದು ರೂಪಾಯಿ ಹೆಚ್ಚು ಕೊಟ್ಟು ಕೊಂಡರು. ಪಕ್ಕದ ಕಾಂಬೋಡಿಯಾದಲ್ಲಿ ಕೆಲವೇ ವರ್ಷಗಳಲ್ಲಿ ಗೇರುತೋಟಗಳು ಹಬ್ಬಿದವು, ಅಲ್ಲಿನ ಬೀಜದ ಬಹುಪಾಲು ಗಡಿ ದಾಟಿ ವಿಯೆಟ್ನಾಂಗೇ ಹೋಗುತ್ತದೆ. ಹಾಗೆಂದು ಅಲ್ಲಿ ಎಲ್ಲವೂ ಚೊಕ್ಕಟವೆಂದೇನೂ ಅಲ್ಲ. ಮಾದಕ ವ್ಯಸನಿಗಳ ಸುಧಾರಣಾ ಕೇಂದ್ರಗಳಲ್ಲಿ ಕೂಡಿಹಾಕಿದವರಿಂದ ಬಲವಂತವಾಗಿ ಬೀಜ ಒಡೆಸುತ್ತಾರೆ ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2011ರಲ್ಲಿ ವರದಿ ಪ್ರಕಟಿಸಿತ್ತು. ಗೋಡಂಬಿಯ ಬಿಳುಪಿನ ಹಿಂದೆ ಎಲ್ಲ ದೇಶದಲ್ಲೂ ಯಾರದೋ ಕಪ್ಪಾದ ಕೈ ಇದೆ.

ನಮ್ಮಲ್ಲಿ ಹೆಚ್ಚು ನೊಂದದ್ದು ಕೊಲ್ಲಂ. ಕೇರಳದಲ್ಲಿ ಕಾರ್ಮಿಕ ಸಂಘಗಳು ಗಟ್ಟಿ, ಕನಿಷ್ಠ ಕೂಲಿ ನಮ್ಮಲ್ಲಿಗಿಂತ ಹೆಚ್ಚು. ಕೂಲಿ ಏರಿದಂತೆಲ್ಲ ಮಾಲೀಕರು ಗಡಿ ದಾಟಿ ತಮಿಳುನಾಡಿಗೆ ಬೀಜ ಸಾಗಿಸಿ ಒಡೆಸುವುದು ಬಹಳ ಹಿಂದಿನಿಂದ ನಡೆದು ಬಂದದ್ದೇ. 2015ರ ನಂತರ ಕೂಲಿಯ ಜತೆಗೆ ಕಚ್ಚಾ ಬೀಜದ ಬೆಲೆಯೂ ಏರಿ ನೂರಾರು ಖಾಸಗಿ ಕಾರ್ಖಾನೆಗಳಿಗೆ ಬೀಗ ಬಿತ್ತು. ಸಾಲ ತೀರಿಸಲಾಗದೆ ಜೀವ ಕಳಕೊಂಡ ಮಾಲೀಕರೂ ಇದ್ದಾರೆ. ಕೂಲಿ ಹೆಚ್ಚಿಸಿದ್ದೇ ತಪ್ಪು ಎಂದು ವಾದಿಸುವವರು ನಮ್ಮಲ್ಲೂ ಇದ್ದಾರೆ. ಆ ವಾದ ನನಗೆ ಒಪ್ಪಿಗೆಯಿಲ್ಲ. ಒಡೆಯುವವಳಿಗೆ ಹೊಟ್ಟೆ ತುಂಬ ಕೂಲಿ ಕೊಟ್ಟರೆ ನಿಲ್ಲಲಾರದ ಉದ್ದಿಮೆ ಮೊದಲೇ ಯಂತ್ರ ತರಬೇಕಿತ್ತು. ಮಂಗಳೂರು ಕಡೆಯ ಕಾರ್ಖಾನೆಗಳು ತಡವಾಗಿಯಾದರೂ ಯಂತ್ರಕ್ಕೆ ಹೊರಳಿದವು, ಅದರಿಂದಲೇ ಉಳಿದವು. ಒಡೆಯುವ ಕೆಲಸ ಹೋದ ಹೆಂಗಸರು ಎಲ್ಲಿಗೆ ಹೋದರೆಂದು ಯಾರೂ ಲೆಕ್ಕವಿಟ್ಟಂತಿಲ್ಲ.

ಇನ್ನು ಮೊಜಾಂಬಿಕಿನ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದರಲ್ಲಿ ಭಾರತದ ಪಾಲೂ ಇದೆ. 1970ರ ದಶಕದ ಆರಂಭದಲ್ಲಿ ಜಗತ್ತಿನಲ್ಲೇ ಹೆಚ್ಚು ಗೇರುಬೀಜ ಬೆಳೆಯುತ್ತಿದ್ದ ದೇಶ ಅದು, ವರ್ಷಕ್ಕೆ ಎರಡು ಲಕ್ಷ ಟನ್. 1975ರಲ್ಲಿ ಸ್ವಾತಂತ್ರ್ಯ ಬಂತು. ಹೊಸ ಸರಕಾರ ಕಚ್ಚಾ ಬೀಜದ ರಫ್ತು ನಿಲ್ಲಿಸಿ, ಇಲ್ಲೇ ಒಡೆಯೋಣ ಎಂದಿತು. ಆದರೆ ಅಂತರ್ಯುದ್ಧ ಶುರುವಾಯಿತು, 1992ರ ತನಕ ನಡೆಯಿತು. ತೋಟಕ್ಕೆ ಹೋಗುವವರಿಲ್ಲ, ಬೀಜ ಸಾಗಿಸುವ ದಾರಿಯಿಲ್ಲ, ಹೊಸ ಗಿಡ ನೆಡುವವರಿಲ್ಲ. ಫಸಲು ಹತ್ತರಲ್ಲೊಂದು ಪಾಲಿನ ಹತ್ತಿರಕ್ಕೆ ಇಳಿಯಿತು.

ಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಖಾಸಗಿಯವರ ಕೈಸೇರಿ ಉಸಿರಾಡತೊಡಗಿದಾಗ ವಿಶ್ವಬ್ಯಾಂಕ್ ಬಂತು. ಕಚ್ಚಾ ಬೀಜದ ರಫ್ತಿನ ಮೇಲಿನ ನಿರ್ಬಂಧ ಸಡಿಲಿಸಬೇಕು, ರಫ್ತು ತೆರಿಗೆ ಇಳಿಸಬೇಕು, ಆಗ ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎಂಬುದು ಅವರ ಷರತ್ತು. 1995ರ ನಂತರ ಅದೇ ಪ್ರಕಾರ ನಡೆಯಿತು. ಬೀಜ ಹಡಗು ಹತ್ತಿತು. ಬಂದದ್ದು ಎಲ್ಲಿಗೆ? ಭಾರತಕ್ಕೆ. ಇಲ್ಲಿ ಕೆಲಸ ಹೆಚ್ಚಿತು, ಅಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಹತ್ತು ಸಾವಿರದಷ್ಟಿದ್ದ ಕಾರ್ಮಿಕರಲ್ಲಿ ಹೆಚ್ಚಿನವರು 2001ರ ಹೊತ್ತಿಗೆ ಬೀದಿಗೆ ಬಿದ್ದಿದ್ದರು. ಅವರಲ್ಲೂ ಹೆಂಗಸರು ಬಹಳ. ರೈತನಿಗಾದರೂ ಲಾಭವಾಯಿತೇ? ಮಾರ್ಗರೆಟ್ ಮ್ಯಾಕ್‌ಮಿಲನ್, ಡ್ಯಾನಿ ರಾಡ್ರಿಕ್ ಮತ್ತು ಕರೆನ್ ವೆಲ್ಚ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದರು. ಒಂದು ಗೇರು ಬೆಳೆಗಾರ ಕುಟುಂಬಕ್ಕೆ ವರ್ಷಕ್ಕೆ ಸಿಕ್ಕ ಹೆಚ್ಚುವರಿ ಆದಾಯ ಐದು ಡಾಲರಿಗಿಂತ ಚೂರು ಮೇಲೆ! ಮಧ್ಯೆ ನಿಂತ ವ್ಯಾಪಾರಿಗಳಿಗೂ ನಮ್ಮ ಕಡೆಯ ಖರೀದಿದಾರರಿಗೂ ಉಳಿದದ್ದು ಹೋಯಿತು. 1999ರಲ್ಲಿ ಮೊಜಾಂಬಿಕಿನ ಸಂಸತ್ತು ರಫ್ತು ತೆರಿಗೆಯನ್ನು ಮತ್ತೆ ಏರಿಸಿತು. ಕಾರ್ಖಾನೆಗಳು ಮಾತ್ರ ಸುಲಭಕ್ಕೆ ಎದ್ದು ನಿಲ್ಲಲಿಲ್ಲ.

ಟಾಂಜಾನಿಯಾದ್ದು ಬೇರೆ ಬಗೆಯ ಪಾಡು. ಅಲ್ಲಿ 1970ರ ದಶಕದಲ್ಲಿ ಜನರನ್ನು ಹೊಸ ಹಳ್ಳಿಗಳಿಗೆ ಸಾಗಿಸುವ ಸರಕಾರಿ ಯೋಜನೆಯಿಂದ ಬೆಳೆಗಾರರು ತಮ್ಮ ಮರಗಳಿಂದಲೇ ದೂರವಾದರು, ಜತೆಗೆ ಬೂದಿರೋಗ ಬಂತು, ವಿದೇಶಿ ಸಾಲದಲ್ಲಿ ಕಟ್ಟಿದ ದೊಡ್ಡ ಕಾರ್ಖಾನೆಗಳು ಖಾಲಿ ಬಿದ್ದವು. 2018ರ ನವೆಂಬರಿನಲ್ಲಿ ಅಲ್ಲಿನ ಅಧ್ಯಕ್ಷ ಜಾನ್ ಮಗುಫುಲಿ ವ್ಯಾಪಾರಿಗಳು ಕೇಳಿದ ಬೆಲೆ ಸಾಲದೆಂದು ಸಿಟ್ಟಾಗಿ, ಕಿಲೋಗೆ 3,300 ಶಿಲ್ಲಿಂಗಿನಂತೆ ಬೀಜ ಖರೀದಿಸಲು ಸೈನ್ಯವನ್ನೇ ಕಳುಹಿಸಿದರು. ಗೇರುಬೀಜಕ್ಕೆ ಸೈನಿಕ ಟ್ರಕ್ಕು! ಯೋಜನೆ ಸರಿಯಾಗಿ ನಡೆಯಲಿಲ್ಲ, ಬೀಜ ಗೋದಾಮುಗಳಲ್ಲಿ ಉಳಿಯಿತು. ಆದರೆ ಅವರ ಸಿಟ್ಟು ನಮಗೆ ಅರ್ಥವಾಗದ್ದೇನಲ್ಲ. ಅಡಿಕೆಗೆ ಬೆಲೆ ಬಿದ್ದ ವರ್ಷ ನಮ್ಮೂರಿನವರ ಸಿಟ್ಟು ಹೇಗಿರುತ್ತದೆ?

ಈಗಿನ ಆಟ ನಡೆಯುವುದು ಪಶ್ಚಿಮ ಆಫ್ರಿಕಾದಲ್ಲಿ. ಐವರಿಕೋಸ್ಟಿನ ಉತ್ತರದಲ್ಲಿ 1960ರ ದಶಕದಲ್ಲಿ ಗೇರು ನೆಟ್ಟದ್ದು ಮಣ್ಣು ಉಳಿಸಲು, ಕಾಡು ಬೆಳೆಸಲು. ನಮ್ಮ ಗುಡ್ಡಗಳ ಕಥೆಯೇ. 2015ರ ಸುಮಾರಿಗೆ ಅದು ಭಾರತವನ್ನು ಮೀರಿಸಿ ಜಗತ್ತಿನ ಅತಿದೊಡ್ಡ ಬೆಳೆಗಾರ ದೇಶವಾಯಿತು, ಈಚೆಗೆ ವರ್ಷದ ಫಸಲು ಹತ್ತು ಲಕ್ಷ ಟನ್ ದಾಟಿದೆ. ಅಲ್ಲಿ ಹಂಗಾಮಿನ ಆರಂಭದಲ್ಲೇ ಸರಕಾರ ರೈತನಿಗೆ ಕೊಡಬೇಕಾದ ಕನಿಷ್ಠ ಬೆಲೆ ಸಾರುತ್ತದೆ. 2024ರಲ್ಲಿ ಕಿಲೋಗೆ 275 ಸಿಎಫ್‌ಎ ಫ್ರಾಂಕ್ ಇದ್ದದ್ದು 2025ಕ್ಕೆ 425 ಆಯಿತು. ಬೀಜ ಒಡೆಯುವ ಕಾರ್ಖಾನೆಗೆ ಅವರು ಸಹಾಯಧನ ಕೊಟ್ಟರು. ಒಂದು ಕಾಲದಲ್ಲಿ ಹತ್ತರಲ್ಲೊಂದು ಪಾಲನ್ನೂ ಒಡೆಯದಿದ್ದ ದೇಶ 2023ರ ಹೊತ್ತಿಗೆ ಐದರಲ್ಲೊಂದು ಪಾಲಿಗಿಂತ ಹೆಚ್ಚನ್ನು ಒಳಗೇ ಒಡೆಯುವ ಮಟ್ಟಕ್ಕೆ ಬಂತು.

ಬೆನಿನ್ ಇನ್ನೂ ಗಟ್ಟಿಯಾದ ಹೆಜ್ಜೆ ಇಟ್ಟಿತು. 2024ರ ಏಪ್ರಿಲ್ 1ರಿಂದ ಕಚ್ಚಾ ಬೀಜದ ರಫ್ತನ್ನೇ ನಿಷೇಧಿಸಿತು. ಗ್ಲೋ-ಜಿಗ್ಬೆ ಎಂಬಲ್ಲಿ ಕೈಗಾರಿಕಾ ವಲಯ ಕಟ್ಟಿ ಬೀಜವನ್ನೂ ಹತ್ತಿಯನ್ನೂ ಅಲ್ಲೇ ಸಂಸ್ಕರಿಸುತ್ತಿದ್ದಾರೆ. ಆ ವಲಯದಲ್ಲಿ ಸರಕಾರದ ಪಾಲುದಾರನಾದ ಕಂಪನಿಯ ಸ್ಥಾಪಕ ಭಾರತೀಯ ಮೂಲದವರು ಎಂಬುದನ್ನು ಗಮನಿಸಬೇಕು. ನಮ್ಮವರಿಗೆ ಅಲ್ಲಿ ಬಾಗಿಲು ಮುಚ್ಚಿಲ್ಲ ಎಂದಾಯಿತು. ಮುಚ್ಚಿರುವುದು ಬೀಜ ಎತ್ತಿಕೊಂಡು ಹೊರಟುಹೋಗುವ ಬಾಗಿಲು ಮಾತ್ರ.

ಇದನ್ನೆಲ್ಲ ಮಾಡಲಾಗದವರು ಗಿನಿ ಬಿಸಾವ್‌ನವರು. ಅಟ್ಲಾಂಟಿಕ್ ಕರಾವಳಿಯ ಈ ಪುಟ್ಟ ದೇಶದ ರಫ್ತಿನ ಆದಾಯವೆಲ್ಲ ಹೆಚ್ಚುಕಡಿಮೆ ಗೇರುಬೀಜ ಒಂದರಿಂದಲೇ. ಒಳ್ಳೆಯ ಬೀಜ, ಎಂಬತ್ತು ಕಿಲೋ ಚೀಲವನ್ನು ಒಡೆದರೆ ಐವತ್ತು ಪೌಂಡಿಗೂ ಹೆಚ್ಚು ತಿರುಳು ಸಿಗುತ್ತದೆಂದು ವ್ಯಾಪಾರಿಗಳಲ್ಲಿ ಹೆಸರು. ಬಹುಕಾಲ ಅದರ ಮುಖ್ಯ ಗಿರಾಕಿ ಭಾರತವೇ. ಅಲ್ಲಿನ ಹಳ್ಳಿಗಳಲ್ಲಿ ಬೀಜ ಕೊಟ್ಟು ಅಕ್ಕಿ ತೆಗೆದುಕೊಳ್ಳುವ ಪದ್ಧತಿಯಿದೆ. ಬೆಲೆ ಚೆನ್ನಾಗಿದ್ದ ವರ್ಷ ಒಂದು ಕಿಲೋ ಬೀಜಕ್ಕೆ ಒಂದು ಕಿಲೋ ಅಕ್ಕಿ. ಬೆಲೆ ಬಿದ್ದ ವರ್ಷ ಅದೇ ಒಂದು ಕಿಲೋ ಅಕ್ಕಿಗೆ ಎರಡು ಮೂರು ಕಿಲೋ ಬೀಜ ಅಳೆಯಬೇಕು. ಕೊರೋನಾ ಬಂದ 2020ರಲ್ಲಿ ಖರೀದಿದಾರರು ಸಮಯಕ್ಕೆ ಬರಲಿಲ್ಲ. ಅಂಥ ವರ್ಷ ಆ ಮನೆಗಳಲ್ಲಿ ಊಟದ ಗತಿಯೇನೆಂದು ಯೋಚಿಸಿ ನೋಡಿ. ಗೇಣಿಗೆ ಅಕ್ಕಿ ಅಳೆದು ಬರಿಗೈಯಲ್ಲಿ ಮನೆಗೆ ಬಂದ ಹಿರಿಯರ ಮೊಮ್ಮಕ್ಕಳು ನಾವು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಆಗುವಾಗ ನಮ್ಮ ಸರಕಾರ ಮಾಡಿದ್ದು ಸುಂಕದ ಏರಿಳಿತ. 2016ರ ಬಜೆಟ್ಟಿನಲ್ಲಿ ಕಚ್ಚಾ ಬೀಜಕ್ಕೆ ಶೇ. 5 ಆಮದು ಸುಂಕ ಹಾಕಿತು, 2018ರಲ್ಲಿ ಅದನ್ನು ಶೇ. 2.5ಕ್ಕೆ ಇಳಿಸಿತು. ಒಡೆದ ಗೋಡಂಬಿ ಹೊರಗಿನಿಂದ ಬರದಂತೆ 2019ರಲ್ಲಿ ಅದರ ಸುಂಕವನ್ನು ಶೇ. 70ಕ್ಕೇರಿಸಿತು. ಅದೇ ವರ್ಷ ಕನಿಷ್ಠ ಆಮದು ಬೆಲೆಯನ್ನು ಇಡೀ ಗೋಡಂಬಿಗೆ ಕಿಲೋಗೆ 720 ರೂಪಾಯಿ, ತುಂಡಿಗೆ 680 ರೂಪಾಯಿ ಎಂದು ನಿಗದಿ ಮಾಡಿತು. ಗೋಡೆ ಎತ್ತರವಾದಂತೆ ಕಿಂಡಿಗಳೂ ಹುಟ್ಟಿಕೊಂಡವು. ಹುರಿದ ಗೋಡಂಬಿ ಎಂದು, ಪಶು ಆಹಾರವೆಂದು ಹೆಸರು ಬದಲಿಸಿ ಮಾಲು ಬರುತ್ತದೆಂದು ಕಾರ್ಖಾನೆಯವರೇ ದೂರಿದರು.

ಸುಂಕದ ಗೋಡೆಯಿಂದ ಉದ್ದಿಮೆಗೆ ಉಸಿರಾಡಲು ಒಂದಿಷ್ಟು ಸಮಯ ಸಿಕ್ಕಿದ್ದು ಹೌದು. ಭಾರತದ ಅದೃಷ್ಟವೆಂದರೆ ಇಲ್ಲಿ ತಿನ್ನುವವರು ಹೆಚ್ಚಾದರು. ಜಗತ್ತಿನಲ್ಲೇ ಹೆಚ್ಚು ಗೋಡಂಬಿ ತಿನ್ನುವ ದೇಶ ಇಂದು ನಮ್ಮದೇ. ಮದುವೆಯ ಸಿಹಿ, ಕಾಜು ಕತ್ಲಿ, ಕಚೇರಿಯವರು ಹಂಚುವ ದೀಪಾವಳಿ ಡಬ್ಬ, ಇವುಗಳ ಜತೆಗೆ ಹೊಟೇಲು. ನಮ್ಮ ಶೆಟ್ಟರ, ಪೂಜಾರಿಯವರ, ರಾಯರ ಹೊಟೇಲುಗಳಲ್ಲಿ ಪಂಜಾಬಿ ಗ್ರೇವಿಯ ದಪ್ಪ ಬಿಳಿ ರಸ ಬರುವುದು ತುಂಡು ಗೋಡಂಬಿ ರುಬ್ಬುವುದರಿಂದ. ಉಡುಪಿ ಅಡುಗೆಯವರ ಕೈಯಲ್ಲಿ ಪಂಜಾಬಿ ಊಟ, ಅದಕ್ಕೆ ಆಫ್ರಿಕಾದ ಬೀಜ, ತಿನ್ನುವವನು ಗುಜರಾತಿ. ಮುಂಬಯಿಯಲ್ಲಿ ಮಾತ್ರ ಸಾಧ್ಯ. ರಫ್ತು ಕುಸಿದರೂ ಮಂಗಳೂರು, ಉಡುಪಿಯ ಕಾರ್ಖಾನೆಗಳಿಗೆ ಕೆಲಸವಿರುವುದು ಈ ಒಳನಾಡಿನ ಗಿರಾಕಿಯಿಂದ.

ಆದರೆ ಗಿರಾಕಿ ಇದ್ದರೆ ಸಾಲದು, ಒಡೆಯಲು ಬೀಜ ಬೇಕು. ಇಂದು ಬೆನಿನ್, ನಾಳೆ ಇನ್ನೊಂದು ದೇಶ. ದೆಹಲಿಗೆ ಹೋಗಿ ಸುಂಕ ಏರಿಸಿ ಎಂದು ಮನವಿ ಕೊಟ್ಟರೆ ವಿಯೆಟ್ನಾಂ ಗೋಡಂಬಿಯನ್ನು ತಡೆಯಬಹುದು, ಆಫ್ರಿಕಾದ ಬೀಜ ಬರುವಂತೆ ಮಾಡಲಾಗದು. ಹಾಗಾದರೆ ಬೀಜ ಎಲ್ಲಿಂದ? ನಮ್ಮದೇ ಗುಡ್ಡದಿಂದ ಎಂಬುದಲ್ಲದೆ ಬೇರೆ ಉತ್ತರ ಇದ್ದಂತಿಲ್ಲ.

ಆ ಗುಡ್ಡ ಯಾರದು? ಮುಂಬಯಿ, ಪುಣೆ, ಥಾಣೆಯಲ್ಲಿ ಕುಳಿತು ಈ ಪತ್ರಿಕೆ ಓದುತ್ತಿರುವ ನಮ್ಮಲ್ಲಿ ಎಷ್ಟೋ ಮಂದಿಯದು. ಭೂಸುಧಾರಣೆಯಲ್ಲಿ ಸಿಕ್ಕಿದ್ದು, ಕುಟುಂಬದ ಪಾಲಿನಲ್ಲಿ ಬಂದದ್ದು, ಇಲ್ಲವೇ ಹೊಟೇಲಿನಲ್ಲಿ ದುಡಿದು ಕೊಂಡದ್ದು. ಕೆಳಗಿನ ಗದ್ದೆಯನ್ನು ಅಣ್ಣನೋ ತಮ್ಮನೋ ನೋಡಿಕೊಳ್ಳುತ್ತಾನೆ, ಮೇಲಿನ ಗುಡ್ಡ ಹಾಗೆಯೇ. ಅದರಲ್ಲಿ ಅಜ್ಜನ ಕಾಲದ ಗೇರುಮರಗಳು, ಬೀಜ ಬಿದ್ದು ತಾನಾಗಿ ಹುಟ್ಟಿದವು, ಗೊಬ್ಬರ ಕಾಣದವು. ಫಸಲು ಯಾರು ಹೆಕ್ಕುತ್ತಾರೋ ಯಾರು ಮಾರುತ್ತಾರೋ ಕೇಳುವವರಿಲ್ಲ. ಕೆಲವರು ಕಡಿದು ರಬ್ಬರ್ ಹಾಕಿದರು. ನೀರಿದ್ದವರು ಅಡಿಕೆ ಹಾಕಿದರು. ಅಡಿಕೆಯಷ್ಟು ಹಣ ಗೇರಿನಿಂದ ಬರುವುದಿಲ್ಲ, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಡಿಕೆಗೆ ನೀರು ಬೇಕು, ಆಳು ಬೇಕು, ಮದ್ದು ಬಿಡಬೇಕು, ಯಜಮಾನ ಮನೆಯಲ್ಲಿರಬೇಕು. ಬೋರ್‌ವೆಲ್ ಬತ್ತಿದ ಗುಡ್ಡದ ಮೇಲೆ, ಯಜಮಾನ ಮುಂಬಯಿಯಲ್ಲಿರುವಾಗಲೂ, ನಿಂತು ಫಲ ಕೊಡುವ ಮರ ಗೇರು.

ಕರಾವಳಿಯವರು ಗೇರಿನ ವಿಷಯ ಮಾತಾಡುವಾಗ ಒಂದು ಹೆಸರನ್ನು ಬಿಟ್ಟುಬಿಡುವಂತಿಲ್ಲ, ಎಂಡೋಸಲ್ಫಾನ್. ಗೇರುಹೂವಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು ಕಾಸರಗೋಡಿನಲ್ಲಿ ಕೇರಳದ ತೋಟಗಾರಿಕಾ ನಿಗಮದವರು, ಪುತ್ತೂರು ಬೆಳ್ತಂಗಡಿ ಕಡೆ ನಮ್ಮ ಕರ್ನಾಟಕ ಗೇರು ಅಭಿವೃದ್ಧಿ ನಿಗಮದವರು ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಈ ವಿಷವನ್ನು ಚೆಲ್ಲಿದರು. ಅದು ಬಾವಿಗೂ ಬಿತ್ತು, ತೋಡಿಗೂ ಬಿತ್ತು. ಕಾಸರಗೋಡಿನ ಪಡ್ರೆ, ಬೆಳ್ತಂಗಡಿಯ ಕೊಕ್ಕಡ, ಪಟ್ರಮೆಗಳಲ್ಲಿ ಹಾಸಿಗೆ ಹಿಡಿದೇ ಬೆಳೆದ ಮಕ್ಕಳ ಮುಖ ನೋಡಿದವರು ಮರೆಯಲಾರರು. ಕನ್ನಡದ ಪತ್ರಕರ್ತ ಶ್ರೀ ಪಡ್ರೆ ಮತ್ತು ಊರಿನ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಇದನ್ನು ಹೊರಜಗತ್ತಿಗೆ ಹೇಳಿದವರಲ್ಲಿ ಮೊದಲಿಗರು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನಿಗೆ ತಡೆ ಹಾಕಿತು, 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಆದೇಶಿಸಿತು. ಆ ಮಕ್ಕಳನ್ನು ನೋಡಿಕೊಳ್ಳುತ್ತಿರುವ ತಾಯಂದಿರಿಗೆ ಈಗ ವಯಸ್ಸಾಗಿದೆ. ನಮ್ಮ ಮುಂಬಯಿಯ ಸಂಘ ಸಂಸ್ಥೆಗಳು ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಡುವುದರಲ್ಲಿ ಒಂದಂಶವನ್ನು ಆ ಮನೆಗಳಿಗೂ ಕೊಡಬೇಕು. ಗೇರು ಬೆಳೆಸಿ ಎನ್ನುವವನು ಇದನ್ನು ಹೇಳದೆ ಮುಂದೆ ಹೋಗಬಾರದು.

ಅಂಥ ವಿಷವಿಲ್ಲದೆ ಗೇರು ಬೆಳೆಯಲಾಗದೇ? ಬೆಳೆಯಬಹುದು. ಪುತ್ತೂರಿನಲ್ಲಿ ಕೇಂದ್ರ ಸರಕಾರದ ಗೇರು ಸಂಶೋಧನಾ ನಿರ್ದೇಶನಾಲಯವಿದೆ. 1986ರಲ್ಲಿ ಶುರುವಾದ ಸಂಸ್ಥೆ. ಮುಂಬಯಿಯಿಂದ ಊರಿಗೆ ಹೋಗುವವರು ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗುತ್ತಾರೆ, ದಾರಿಯಲ್ಲೇ ಇರುವ ಇದನ್ನು ನೋಡಿದವರು ಕಡಿಮೆ. ಅವರು ಬಿಡುಗಡೆ ಮಾಡಿದ ಭಾಸ್ಕರ ತಳಿ ಹೂ ಬಿಡುವ ಕಾಲ ಟೀ ಸೊಳ್ಳೆಯ ಕಾಲಕ್ಕಿಂತ ಸ್ವಲ್ಪ ಬೇರೆಯಾದ್ದರಿಂದ ಹೊಡೆತ ತಪ್ಪಿಸಿಕೊಳ್ಳುತ್ತದೆ. ಈಚಿನ ನೇತ್ರಾ ಜಂಬೋ ತಳಿಯ ಬೀಜ ಹೆಸರಿಗೆ ತಕ್ಕಂತೆ ದೊಡ್ಡದು, ಒಂದೊಂದು ಹನ್ನೆರಡು ಗ್ರಾಂ ತೂಗುತ್ತದೆ. ಹೆಕ್ಕುವ ಆಳಿನ ಕೂಲಿ ದಿನಕ್ಕಿಷ್ಟೆಂದು ಇರುವಾಗ ಬೀಜ ದೊಡ್ಡದಾದಷ್ಟೂ ಲಾಭ. ಮಹಾರಾಷ್ಟ್ರದವರು ಇದನ್ನು ಮೊದಲೇ ಅರಿತರು. ವೆಂಗುರ್ಲೆಯ ಸಂಶೋಧನಾ ಕೇಂದ್ರದ ಕಸಿಗಿಡಗಳನ್ನು ಸಿಂಧುದುರ್ಗ, ರತ್ನಾಗಿರಿಯ ಗುಡ್ಡಗಳಿಗೆಲ್ಲ ಹಬ್ಬಿಸಿದರು. ಇಂದು ದೇಶದಲ್ಲಿ ಗೇರುಬೀಜ ಹೆಚ್ಚು ಬೆಳೆಯುವ ರಾಜ್ಯಗಳ ಸಾಲಿನಲ್ಲಿ ಮುಂದಿರುವುದು ಮಹಾರಾಷ್ಟ್ರ. ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ಕಿಟಕಿಯಿಂದ ಕಾಣುವ ಆ ತೋಟಗಳು ಒಂದು ತಲೆಮಾರಿನ ಕೆಲಸ.

ಸರಕಾರವೂ ಮಾಡಬೇಕಾದದ್ದಿದೆ. ಗೇರು ಅಭಿವೃದ್ಧಿ ನಿಗಮದ ಕೈಯಲ್ಲಿ ಸುಮಾರು 25 ಸಾವಿರ ಹೆಕ್ಟೇರ್ ನೆಡುತೋಪು ಇದೆ. ಫಸಲನ್ನು ಹರಾಜು ಹಾಕಿ ಹಣ ಎಣಿಸುವುದಷ್ಟೇ ಕೆಲಸವಾಗದೆ, ಮುದಿಮರ ತೆಗೆದು ಕಸಿಗಿಡ ನೆಡುವುದು ವರ್ಷ ವರ್ಷ ನಡೆಯಬೇಕು. ಕಾರ್ಖಾನೆಯವರೂ ಬೆಳೆಗಾರನ ಮನೆಗೆ ಬಂದು ಬೀಜದ ಗುಣ ನೋಡಿ ಬೆಲೆ ಕಟ್ಟಬೇಕು. ಆಫ್ರಿಕಾದ ಬೀಜವನ್ನು ಚೀಲ ಕತ್ತರಿಸಿ, ಮಾದರಿ ಒಡೆದು, ತಿರುಳು ತೂಗಿ ಬೆಲೆ ಕಟ್ಟುವವರು ಊರಿನ ಬೀಜಕ್ಕೆ ಮಾತ್ರ ಎಲ್ಲವೂ ಒಂದೇ ಎಂದು ಕಿಲೋ ಲೆಕ್ಕ ಹಾಕುವುದೇಕೆ? ಒಳ್ಳೆಯ ಬೀಜಕ್ಕೆ ಎರಡು ರೂಪಾಯಿ ಹೆಚ್ಚು ಎಂದು ಗೊತ್ತಾದರೆ ಬೆಳೆಯುವವನು ತಾನಾಗಿ ಒಳ್ಳೆಯದನ್ನು ಬೆಳೆಯುತ್ತಾನೆ. ಗೇರುಹಣ್ಣಿನ ಮಾತು ಬೇರೆಯೇ ಇದೆ. ಗೋವಾದವರು ಅದರ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಪಡೆದರು, ನಮ್ಮಲ್ಲಿ ಅದು ಮರದಡಿ ಕೊಳೆಯುತ್ತದೆ, ಇಲ್ಲವೇ ಅಬಕಾರಿಯವರ ಕೇಸಾಗುತ್ತದೆ.

ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವವರು ಮದುವೆ, ಕೋಲ, ಬ್ರಹ್ಮಕಲಶಗಳ ನಡುವೆ ಅರ್ಧ ದಿನ ಬಿಡುವು ಮಾಡಿಕೊಂಡು ಗುಡ್ಡ ಹತ್ತಿ ನೋಡಿ ಬರಲಿ. ಎಕರೆಗೆ ಎಪ್ಪತ್ತು ಕಸಿಗಿಡ ಹಿಡಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲೇ ಎರಡೆರಡು ಅಡಿಯ ಹೊಂಡ ತೆಗೆಸಿಟ್ಟರೆ ಜೂನಿನ ಮೊದಲ ಮಳೆ ಹಿಡಿದ ಮೇಲೆ ನೆಡಬಹುದು. ಗಿಡಕ್ಕೆ ಪುತ್ತೂರಿನಲ್ಲೋ ಉಳ್ಳಾಲದ ಸಂಶೋಧನಾ ಕೇಂದ್ರದಲ್ಲೋ ಮುಂಚಿತವಾಗಿ ಹೇಳಿಡಬೇಕು, ಮಳೆ ಶುರುವಾದ ಮೇಲೆ ಕೇಳಿದರೆ ಸಿಗದು. ಮೂರನೇ ವರ್ಷದಿಂದ ಬೀಜ ಸಿಗತೊಡಗುತ್ತದೆ. ಮೊದಲೆರಡು ವರ್ಷ ಕಸಿಯ ಗಂಟಿನ ಕೆಳಗೆ ಬರುವ ಚಿಗುರನ್ನು ಚಿವುಟುತ್ತಿರುವಂತೆ ಊರಿನಲ್ಲಿರುವ ಅಣ್ಣನಿಗೋ ಅತ್ತಿಗೆಗೋ ಹೇಳಿ ಬರಲು ಮರೆಯಬಾರದು. ಬಿಟ್ಟರೆ ಕಸಿ ಒಣಗಿ ಕೆಳಗಿನ ಕಾಟುಗಿಡವೇ ಮರವಾಗುತ್ತದೆ.